ಹಳೆಯ ತಂತ್ರಾಂಶಕ್ಕೆ ಹೊಸ ಬಾಡಿಗೆ ಮನೆ ಬೇಕೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸ್ವಾಗತ ಸಮಿತಿಯವರು ನನಗೆ ಫೋನ್ ಮಾಡಿದಾಗ ಒಂದೇ ಮಾತು ಹೇಳಿದರು: "ನೀ ಬೆಂಗಳೂರಾಗ ಕೂತು ಏನ್ ಮಾಡ್ತಿ ಅಂಬೋದು ನಮಗ ತಿಳಿವಲ್ದು. ಅದನ್ನೇ ಬಂದು ಹೇಳು. ಆದ್ರ ಊರ ಮಂದಿಗೆ ತಿಳಿಯಂಗ ಹೇಳು." ನಾನು ಒಪ್ಪಿಕೊಂಡೆ. ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ದಿನಾ ಹೊಸ ಹೊಸ ಆ್ಯಪ್ ಮಾಡುವವನು ಎಂದು ಬಹಳ ಜನ ತಿಳಿದಿದ್ದಾರೆ. ಮಾಡುತ್ತೇವೆ, ಇಲ್ಲವೆಂದಲ್ಲ. ಆದರೆ ನನ್ನ ಹೆಚ್ಚಿನ ದಿನಗಳು ಹೋಗುವುದು ಯಾರೋ ಹತ್ತು ಹನ್ನೆರಡು ವರ್ಷದ ಹಿಂದೆ ಬರೆದಿಟ್ಟ ತಂತ್ರಾಂಶ ನಿಲ್ಲದಂತೆ ನೋಡಿಕೊಳ್ಳುವುದರಲ್ಲಿ. ಹಳೆಯ ಬಾವಿ, ಹಳೆಯ ಮೋಟಾರು, ಹಳೆಯ ವಾಡೆ ನೋಡಿಕೊಳ್ಳುವವರು ಇಲ್ಲಿ ಎಷ್ಟೋ ಜನ ಇದ್ದೀರಿ. ನಿಮಗೆ ನನ್ನ ಕೆಲಸ ಬೇಗ ಅರ್ಥವಾಗುತ್ತದೆ.

ಈ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಒಂದೇ ಪ್ರಶ್ನೆಯನ್ನು ಇವತ್ತು ತೆಗೆದುಕೊಂಡಿದ್ದೇನೆ. ಒಂದು ಹಳೆಯ ವೆಬ್ ಆ್ಯಪ್ ಒಂದು ಕಂಪನಿಯ ಕಂಪ್ಯೂಟರಿನಲ್ಲಿ ಬಾಡಿಗೆಗೆ ಕೂತಿದೆ. ಇನ್ನೊಂದು ಕಂಪನಿ ಬಂದು "ನಮ್ಮಲ್ಲಿ ಬಾಡಿಗೆ ಕಡಿಮೆ, ಬನ್ನಿ" ಎನ್ನುತ್ತದೆ. ಹೋಗಬೇಕೋ, ಇದ್ದಲ್ಲೇ ಇರಬೇಕೋ?

ಇದರಿಂದ ನಮಗೇನು ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ಅಂದುಕೊಂಡಿದ್ದರೆ, "ಸರ್ವರ್ ಡೌನ್" ಎಂಬ ಎರಡು ಶಬ್ದ ನೆನಪಿಸಿಕೊಳ್ಳಿ. ಪಡಿತರ ಅಂಗಡಿಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ, ಬ್ಯಾಂಕಿನಲ್ಲಿ, ತಹಸೀಲ್ದಾರ್ ಕಚೇರಿಯಲ್ಲಿ ಈ ಎರಡು ಶಬ್ದ ಕೇಳದವರು ಈ ಪೆಂಡಾಲಿನಲ್ಲಿ ಯಾರೂ ಇರಲಿಕ್ಕಿಲ್ಲ. ಬೆಂಗಳೂರಿನ ಮೀಟಿಂಗಿನಲ್ಲಿ "ಬರೀ ಎರಡು ತಾಸು ಬಂದ್ ಇಟ್ಟರೆ ಸಾಕು" ಎಂದು ನಾವು ಹೇಳುವುದು ಸುಲಭ. ಗೊಬ್ಬೂರಿನಿಂದ ಬಸ್ಸಿಗೆ ಅಫಜಲಪುರಕ್ಕೆ ಹೋದವರಿಗೆ ಆ ಎರಡು ತಾಸು ಅಂದರೆ ಒಂದು ದಿನದ ಕೂಲಿ, ಹೋಗಿ ಬರುವ ಚಾರ್ಜು, ಮತ್ತೆ ನಾಳೆ ಇನ್ನೊಮ್ಮೆ ಅಷ್ಟೇ. ತಂತ್ರಾಂಶದ ಮನೆ ಬದಲಿಸುವ ನಿರ್ಧಾರ ಕೊನೆಗೆ ಬಂದು ನಿಲ್ಲುವುದು ಆ ಪಾಳಿಯಲ್ಲಿ ನಿಂತವರ ಮೇಲೆ.

ಮೊದಲು ಈ ಕ್ಲೌಡ್ ಅಂದರೆ ಏನು ಎಂದು ಹೇಳಿಬಿಡುತ್ತೇನೆ. ಹೆಸರು ಮೋಡ ಎಂದಿದ್ದರೂ ಅದು ಮೇಲೆ ಎಲ್ಲೂ ಇಲ್ಲ. ದೊಡ್ಡ ದೊಡ್ಡ ಕಟ್ಟಡಗಳು, ಒಳಗೆ ಸಾಲು ಸಾಲು ಕಂಪ್ಯೂಟರುಗಳು, ಅವು ಕಾಯದಂತೆ ತಂಪು ಮಾಡುವ ಯಂತ್ರಗಳು, ಕರೆಂಟು ಹೋದರೆ ಜನರೇಟರುಗಳು. ಅದರಲ್ಲಿ ಒಂದು ಮೂಲೆ ನಮಗೆ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ನಮ್ಮ ದೇಶದಲ್ಲಿ ಮೈಕ್ರೋಸಾಫ್ಟ್ ಇಂಥ ಕೇಂದ್ರಗಳನ್ನು 2015ರಲ್ಲಿ ತೆರೆಯಿತು, ಅಮೆಜಾನ್ 2016ರ ಜೂನ್‌ನಲ್ಲಿ ಮುಂಬೈಯಲ್ಲಿ, ಗೂಗಲ್ 2017ರಲ್ಲಿ ಮುಂಬೈಯಲ್ಲಿ. 2022ರ ನವೆಂಬರಿನಲ್ಲಿ ಅಮೆಜಾನ್ ಹೈದರಾಬಾದಿನಲ್ಲೂ ತೆರೆಯಿತು. (ನಮ್ಮೂರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ ಎಂಬುದು ಕಂಪ್ಯೂಟರಿನ ವಿಷಯದಲ್ಲೂ ನಿಜವಾಯಿತು.) ಅದಕ್ಕೂ ಮೊದಲು, 2012-13ರ ಹೊತ್ತಿಗೆ ಭಾರತದಲ್ಲಿ ಮಾಡಿದ ಎಷ್ಟೋ ವೆಬ್ ಆ್ಯಪ್‌ಗಳು ಸಿಂಗಪುರದಲ್ಲಿ ಬಾಡಿಗೆಗೆ ಇದ್ದವು. ಈಗಲೂ ಕೆಲವು ಅಲ್ಲೇ ಇವೆ. ನಾನು ಹೇಳುವ ಹಳೆಯ ಆ್ಯಪ್ ಅಂದರೆ ಆ ಕಾಲದ ಸಂತಾನ.

ಈಗ ಲೆಕ್ಕಕ್ಕೆ ಬರೋಣ. ಗಣಿತದ ಗುರುಗಳು ಇಲ್ಲೇ ಕೂತಿದ್ದಾರೆ, ತಪ್ಪಿದ್ದರೆ ತಿದ್ದಲಿ. ಒಂದು ಆ್ಯಪ್‌ಗೆ ಈಗ ತಿಂಗಳಿಗೆ 40 ಸಾವಿರ ರೂಪಾಯಿ ಬಾಡಿಗೆ ಎಂದು ಇಟ್ಟುಕೊಳ್ಳಿ. ಬೇರೆ ಕಡೆ 28 ಸಾವಿರಕ್ಕೆ ಸಿಗುತ್ತದೆ. ತಿಂಗಳಿಗೆ 12 ಸಾವಿರ, ವರ್ಷಕ್ಕೆ 1 ಲಕ್ಷ 44 ಸಾವಿರ ಉಳಿಯಿತು. ಯಾವ ಮಾಲೀಕನಿಗಾದರೂ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ಸಾಮಾನು ಸಾಗಿಸುವ ಕೆಲಸಕ್ಕೆ ಇಬ್ಬರು ಇಂಜಿನಿಯರುಗಳು ಮೂರು ತಿಂಗಳು ಬೇಕು. ಒಬ್ಬೊಬ್ಬರಿಗೆ ಕಂಪನಿಗೆ ತಿಂಗಳಿಗೆ 1 ಲಕ್ಷ ಬಿದ್ದರೂ ಅಲ್ಲಿಗೆ 6 ಲಕ್ಷ ಆಯಿತು. ನಡುವೆ ಎರಡು ತಿಂಗಳು ಎರಡೂ ಮನೆಗೆ ಬಾಡಿಗೆ ಕಟ್ಟಬೇಕು. ಖರ್ಚು ವಾಪಸ್ ಬರಲು ನಾಲ್ಕು ವರ್ಷದ ಮೇಲೆ ಬೇಕಾಯಿತು. ಆಗಲೇ ಹನ್ನೊಂದು ವರ್ಷ ತುಂಬಿದ ಆ್ಯಪ್ ಇನ್ನು ನಾಲ್ಕು ವರ್ಷ ಇರುತ್ತದೆಯೇ? ಮುದಿ ಎತ್ತಿಗೆ ಹೊಸ ಕೊಟ್ಟಿಗೆ ಕಟ್ಟಿಸುವ ಮೊದಲು ಯಾರೂ ಕೇಳುವ ಪ್ರಶ್ನೆ ಇದು. ಆದರೆ ನಮ್ಮ ಕಚೇರಿಗಳಲ್ಲಿ ಇದನ್ನು ಕೇಳುವವರು ಕಡಿಮೆ.

ಒಂದು ಖರ್ಚಿನ ಬಗ್ಗೆ ಮಾತ್ರ ಜನ ಸುಮ್ಮನೆ ಹೆದರುತ್ತಾರೆ. ಡೇಟಾ ಹೊರಗೆ ತೆಗೆಯಲು ಕ್ಲೌಡ್ ಕಂಪನಿಗಳು ದುಡ್ಡು ಕೇಳುತ್ತವೆ, ಒಳಗೆ ಹಾಕಲು ಪುಕ್ಕಟೆ. ಮುಂಬೈಯಿಂದ ತೆಗೆದರೆ ಒಂದು ಗಿಗಾಬೈಟ್‌ಗೆ ಸುಮಾರು 11 ಸೆಂಟ್. ದೊಡ್ಡ ಕಂಪನಿಗೆ ಇದು ಭಾರಿ ಮೊತ್ತ. ನಾವು ನೋಡಿಕೊಳ್ಳುವ ಹಳೆಯ ಆ್ಯಪ್‌ನ ಒಟ್ಟು ಸಾಮಾನು 500 ಗಿಗಾಬೈಟ್ ಇದ್ದರೆ ನಾಲ್ಕೈದು ಸಾವಿರ ರೂಪಾಯಿ ಆದೀತು. ಮೇಲಾಗಿ 2024ರ ಜನವರಿಯಲ್ಲಿ ಗೂಗಲ್, ಮಾರ್ಚಿನಲ್ಲಿ ಅಮೆಜಾನ್ ಮತ್ತು ಮೈಕ್ರೋಸಾಫ್ಟ್, ಪೂರ್ತಿ ಬಿಟ್ಟು ಹೋಗುವವರಿಗೆ ಕೆಲವು ಷರತ್ತಿನ ಮೇಲೆ ಈ ಶುಲ್ಕ ಬಿಡುವುದಾಗಿ ಹೇಳಿದವು. ಬಾಗಿಲಲ್ಲಿ ಕೇಳುವ ದುಡ್ಡು ದೊಡ್ಡದಲ್ಲ. ದೊಡ್ಡದು ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲದಿರುವುದು.

ನಮ್ಮ ತಂಡಕ್ಕೆ ಬಂದ ಒಂದು ಕೆಲಸವನ್ನೇ ಹೇಳುತ್ತೇನೆ. ಸಂಸ್ಥೆಯ ಹೆಸರು ಬೇಡ. ಬೀಜ, ಗೊಬ್ಬರ, ಔಷಧದ ಅಂಗಡಿಯವರು ಮಾಲು ತರಿಸಲು, ಬಿಲ್ಲು ತೆಗೆಯಲು ಬಳಸುವ ವೆಬ್ ಆ್ಯಪ್ ಅದು. ನಮ್ಮ ಜಿಲ್ಲೆಯ ಅಂಗಡಿಗಳೂ ಅದರಲ್ಲಿದ್ದವು. 2013ರಲ್ಲಿ ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದು, ಸಿಂಗಪುರದಲ್ಲಿ ಬಾಡಿಗೆಗೆ ಇಟ್ಟದ್ದು. ಬರೆದ ಇಬ್ಬರೂ ಬಿಟ್ಟು ಹೋಗಿ ಬಹಳ ವರ್ಷ ಆಗಿತ್ತು. ಮಾಲೀಕರ ಕೈಯಲ್ಲಿ ಬೇರೆ ಕಂಪನಿಯ ಕೊಟೇಶನ್ ಇತ್ತು, ಮೂರನೇ ಒಂದು ಭಾಗ ಕಡಿಮೆ. "ದೀಪಾವಳಿ ಒಳಗ ಆಗ್ತದೇನ್ರಿ?" ಎಂದು ಕೇಳಿದರು. ಉತ್ತರ ಹೇಳುವ ಮೊದಲು ಒಳಗೆ ಇಳಿದು ನೋಡಲು ಒಂದು ತಿಂಗಳು ಕೇಳಿದೆವು.

ಜೋಳದ ಹಗೇವು ನೋಡಿದ ಹಿರಿಯರು ಇಲ್ಲಿದ್ದಾರೆ. ವರ್ಷಗಟ್ಟಲೆ ಮುಚ್ಚಿದ ಹಗೇವು ತೆಗೆದ ಕೂಡಲೇ ಒಳಗೆ ಜಿಗಿಯಬಾರದು, ಗಾಳಿ ಆಡಲು ಬಿಡಬೇಕು, ಕಂದೀಲು ಇಳಿಬಿಟ್ಟು ಅದು ಉರಿಯುತ್ತದೆಯೋ ನೋಡಬೇಕು ಎಂದು ನನ್ನ ಮುತ್ಯಾ ಹೇಳುತ್ತಿದ್ದ. ಹಾಗೆ ಮಾಡದೆ ಇಳಿದು ಜೀವ ಕಳೆದುಕೊಂಡವರ ಕಥೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನಾವು ಆ ತಿಂಗಳು ಮಾಡಿದ್ದು ಕಂದೀಲು ಇಳಿಬಿಡುವ ಕೆಲಸ.

ಮೊದಲನೆಯದಾಗಿ, ಕಚೇರಿಯಲ್ಲಿ ಜೋಪಾನವಾಗಿಟ್ಟ ಪ್ರೋಗ್ರಾಮಿನ ಪ್ರತಿಯೇ ಬೇರೆ, ಸರ್ವರಿನಲ್ಲಿ ಓಡುತ್ತಿದ್ದದ್ದೇ ಬೇರೆ. ಯಾವುದೋ ಅವಸರದ ರಾತ್ರಿ ಯಾರೋ ಸರ್ವರಿನಲ್ಲೇ ನೇರವಾಗಿ ತಿದ್ದಿ ಬಿಟ್ಟಿದ್ದರು. ಕಚೇರಿಯ ಪ್ರತಿ ನಂಬಿ ಹೊಸ ಕಡೆ ಹೋಗಿದ್ದರೆ ತೆರಿಗೆಯ ಲೆಕ್ಕವೇ ತಪ್ಪುತ್ತಿತ್ತು.

ಆಮೇಲೆ ಒಟಿಪಿ. ಎಸ್‌ಎಂಎಸ್ ಕಳಿಸುವ ಕಂಪನಿಯೂ, ಹಣ ಪಾವತಿಯ ಬ್ಯಾಂಕೂ ಈ ಸರ್ವರಿನ ನಂಬರನ್ನು, ಅಂದರೆ ಐಪಿ ವಿಳಾಸವನ್ನು, ತಮ್ಮ ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತವೆ. ಆ ನಂಬರಿನಿಂದ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಮನೆ ಬದಲಿಸಿದರೆ ನಂಬರು ಬದಲು, ಬಾಗಿಲು ಬಂದ್. ಬ್ಯಾಂಕಿಗೆ ಅರ್ಜಿ ಕೊಟ್ಟು ಪಟ್ಟಿ ತಿದ್ದಿಸಲು ವಾರಗಟ್ಟಲೆ ಹಿಡಿಯುತ್ತದೆ. ಆ ಅರ್ಜಿ ಮೊದಲು ಹೋಗಬೇಕು, ಡೇಟಾ ಆಮೇಲೆ. ಇಂಥ ಕೆಲಸ ಯಾವ ಕೊಟೇಶನ್ನಿನಲ್ಲೂ ಬರೆದಿರುವುದಿಲ್ಲ.

ಗಡಿಯಾರದ ವಿಷಯ ಇನ್ನೂ ಸಣ್ಣದು, ಆದರೆ ಕೇಳಿ. ಹೊಸ ಸರ್ವರುಗಳು ಸಾಮಾನ್ಯವಾಗಿ ಗ್ರೀನಿಚ್ ಕಾಲಮಾನದಲ್ಲಿ ಓಡುತ್ತವೆ, ನಮ್ಮ ಗಡಿಯಾರಕ್ಕಿಂತ 5 ತಾಸು 30 ನಿಮಿಷ ಹಿಂದೆ. ನಡುರಾತ್ರಿ ಹನ್ನೆರಡಕ್ಕೆ ಆಗಬೇಕಾದ ದಿನದ ಲೆಕ್ಕ ಬೆಳಗಿನ ಐದೂವರೆಗೆ ಆಗುತ್ತದೆ. ಆ ಹೊತ್ತಿಗೆ ಬಿತ್ತನೆಯ ಹಂಗಾಮಿನಲ್ಲಿ ಗೊಬ್ಬರದ ಅಂಗಡಿ ಮುಂದೆ ಆಗಲೇ ಜನ ಕೂತಿರುತ್ತಾರೆ.

ಆದರೆ ನನಗೆ ಹೆಚ್ಚು ಕೆಲಸ ಕೊಟ್ಟದ್ದು ಕನ್ನಡ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮಾಡುವ ಇಂಜಿನಿಯರಿಗೆ ಕಾಣುವುದೇ ಇಲ್ಲ. ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಪತ್ರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಏನಾಗುತ್ತದೆ ಎಂದು ನಮ್ಮ ಗುರುಗಳಿಗೆ ಗೊತ್ತು. ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಗೊಜ್ಜು ಬರುತ್ತದೆ. ಯೂನಿಕೋಡ್ ಬಂದ ಮೇಲೆ ಆ ತೊಂದರೆ ತೀರಿತು ಎಂದು ನಾವು ತಿಳಿದಿದ್ದೇವೆ. ಪೂರ್ತಿ ತೀರಿಲ್ಲ. ನಮ್ಮೂರಿನ ಹೆಸರಿನ ಮೊದಲ ಅಕ್ಷರವನ್ನೇ ನೋಡಿ: ಗೊ. ಕಂಪ್ಯೂಟರಿನ ಒಳಗೆ ಇದನ್ನು ಎರಡು ರೀತಿ ಬರೆಯಬಹುದು. ಗಕಾರಕ್ಕೆ ಒಕಾರದ ಒಂದೇ ಗುರುತು ಹಾಕಬಹುದು. ಇಲ್ಲವೇ ಎತ್ವ ಒಂದು, ಊತ್ವದ ಕೊಂಬು ಒಂದು ಎಂದು ಎರಡು ಗುರುತು ಸೇರಿಸಬಹುದು. ಪರದೆಯ ಮೇಲೆ ಎರಡೂ ಒಂದೇ. ಕಣ್ಣಿಗೆ ವ್ಯತ್ಯಾಸ ಇಲ್ಲ. ಆದರೆ ಗುರುತುಗಳನ್ನು ಒಂದೊಂದಾಗಿ ಹೋಲಿಸಿ ಹುಡುಕುವ ಡೇಟಾಬೇಸಿಗೆ ಅವು ಎರಡು ಬೇರೆ ಬೇರೆ ಊರು! ಒಂದು ಗೊಬ್ಬೂರಿನ ಅಂಗಡಿಗಳು ಸಿಗುತ್ತವೆ, ಇನ್ನೊಂದು ಗೊಬ್ಬೂರಿನವು ಕಾಣೆ. ಹಳೆಯ ಡೇಟಾಬೇಸಿನ ಹೋಲಿಕೆಯ ನಿಯಮ ಒಂದಿದ್ದು, ಹೊಸದರ ನಿಯಮ ಇನ್ನೊಂದಿದ್ದರೆ ನಿನ್ನೆಯವರೆಗೆ ಸಿಗುತ್ತಿದ್ದ ಹೆಸರು ಇವತ್ತು ಸಿಗುವುದಿಲ್ಲ. (ಬೆಂಗಳೂರಿನವರು ನಮ್ಮ ಗೊಬ್ಬೂರನ್ನೂ ದೇವದುರ್ಗದ ಗಬ್ಬೂರನ್ನೂ ಒಂದೇ ಮಾಡುವುದು ಬೇರೆ ಕಥೆ. ಅದಕ್ಕೆ ತಂತ್ರಾಂಶದಲ್ಲಿ ಔಷಧವಿಲ್ಲ.)

ಇನ್ನು ಹೆಸರು ಬದಲಾದ ಊರುಗಳು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. ಆ ಆ್ಯಪ್ ಹುಟ್ಟಿದ್ದು 2013ರಲ್ಲಿ. ಒಳಗೆ ಎಲ್ಲಾ ಕಡೆ ಗುಲ್ಬರ್ಗ ಎಂದೇ ಇತ್ತು, ಪರದೆಯ ಮೇಲೆ ಮಾತ್ರ ಕಲಬುರಗಿ ಎಂದು ತೋರಿಸುವ ಒಂದು ಸಣ್ಣ ತೇಪೆ ಹಚ್ಚಿದ್ದರು. ಆಮೇಲೆ ಯಡ್ರಾಮಿ, ಕಮಲಾಪುರ, ಕಾಳಗಿ, ಶಹಾಬಾದ ಹೊಸ ತಾಲ್ಲೂಕುಗಳಾದವು. ಜೇವರ್ಗಿಯ ಕೆಳಗಿದ್ದ ಅಂಗಡಿ ಯಡ್ರಾಮಿಗೆ ಹೋಯಿತು, ಅದಕ್ಕೆ ಇನ್ನೊಂದು ತೇಪೆ. ಮನೆ ಖಾಲಿ ಮಾಡುವಾಗ ಗೋಡೆಯ ಕ್ಯಾಲೆಂಡರ್ ತೆಗೆದರೆ ಹಿಂದೆ ಬಿರುಕು ಕಾಣುತ್ತದಲ್ಲ, ಹಾಗೆ ಒಂದೊಂದೇ ಕಂಡವು.

ತಿಂಗಳ ಕೊನೆಗೆ ಎಲ್ಲಾ ಬರೆದ ಪಟ್ಟಿ ನಾಲ್ಕು ಪುಟ ಆಗಿತ್ತು. ಆ ಪಟ್ಟಿ ಹಿಡಿದು ಹೊಸ ಜಾಗದಲ್ಲಿ ಆ್ಯಪ್‌ನ ಒಂದು ಪ್ರತಿ ಕಟ್ಟಿದೆವು, ಯಾರಿಗೂ ತೋರಿಸದೆ. ಮೊದಲ ಸಲ ಆರು ದಿನ ಹಿಡಿಯಿತು. ಅದನ್ನು ಕೆಡವಿ ಮತ್ತೆ ಕಟ್ಟಿದೆವು. ಮೂರನೇ ಸಲ ಒಂದು ಮಧ್ಯಾಹ್ನ ಸಾಕಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಯ ಗಂಟು ಇಲ್ಲೇ ಇದೆ. ಯಾವ ಆ್ಯಪ್ ಅನ್ನು ನಾವು ಬರಿಗೈಯಿಂದ ಬೇರೆ ಕಡೆ ಮತ್ತೆ ಕಟ್ಟಬಲ್ಲೆವೋ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಬೇಡವಾದರೆ ಅಲ್ಲೇ ಬಿಡಬಹುದು. ಯಾವುದನ್ನು ಕಟ್ಟಲು ಬರುವುದಿಲ್ಲವೋ ಅದಕ್ಕೆ ಕಡಿಮೆ ಬಾಡಿಗೆಯ ಆಸೆ ತೋರಿಸಿ ಎಬ್ಬಿಸಬಾರದು. ಅದು ಇದ್ದಲ್ಲೂ ಸುರಕ್ಷಿತವಲ್ಲ ಎಂಬುದು ಬೇರೆ ಮಾತು.

ಮಾಲೀಕರಿಗೆ ನಾವು ಕೊಟ್ಟ ಸಲಹೆ: ಕಂಪನಿ ಬದಲಿಸಬೇಡಿ. ಯಾಕೆಂದರೆ ಒಳಗೆ ಇಳಿದಾಗ ಇನ್ನೊಂದು ಸಂಗತಿ ಸಿಕ್ಕಿತ್ತು. ಬಾಡಿಗೆಗೆ ಹಿಡಿದ ಯಂತ್ರ ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದಿತ್ತು. ಯಾರೂ ನೋಡದ ಹಳೆಯ ಬ್ಯಾಕಪ್ ಪ್ರತಿಗಳಿಗೆ ವರ್ಷಗಳಿಂದ ದುಡ್ಡು ಹೋಗುತ್ತಿತ್ತು. ಅದನ್ನು ಸರಿ ಮಾಡಿದ ಮೇಲೆ ಇದ್ದ ಮನೆಯ ಬಾಡಿಗೆಯೇ ಕೊಟೇಶನ್ನಿಗಿಂತ ಕೆಳಗೆ ಇಳಿಯಿತು. ಅದೇ ಕಂಪನಿಯ ಮುಂಬೈ ಕೇಂದ್ರಕ್ಕೆ ತರುವುದನ್ನು ಮಾತ್ರ ಒಪ್ಪಿಕೊಂಡೆವು. ಅದೂ ದೀಪಾವಳಿಗೆ ಅಲ್ಲ. ಮುಂಗಾರು, ಹಿಂಗಾರು ಎರಡೂ ಬಿತ್ತನೆ ಮುಗಿದು ಅಂಗಡಿಗಳು ತಣ್ಣಗಿರುವ ಹೊತ್ತಿಗೆ, ಒಂದು ಶನಿವಾರ ರಾತ್ರಿ. ಹಳೆಯ ಸರ್ವರನ್ನು ನಂತರ ಮೂರು ವಾರ ಆರಿಸದೆ ಇಟ್ಟುಕೊಂಡಿದ್ದೆವು. ಹೊಸದು ಕೈ ಕೊಟ್ಟರೆ ಹತ್ತು ನಿಮಿಷದಲ್ಲಿ ವಾಪಸ್ ಬರುವ ದಾರಿ ಅದು. ವಾಪಸ್ ಬರುವ ಪ್ರಸಂಗ ಬರಲಿಲ್ಲ. ಆದರೆ ಆ ದಾರಿ ಇದೆ ಎಂಬ ಧೈರ್ಯದಿಂದಲೇ ನಾವು ಆ ರಾತ್ರಿ ಕೆಲಸ ಮಾಡಿದ್ದು.

ಹಾಗಾದರೆ ಎಂದೂ ಹೋಗಲೇಬಾರದೇ? ಹೋಗಲೇಬೇಕಾದ ಕಾರಣಗಳಿವೆ. ನೆಲವೇ ಕುಸಿದರೆ ಮನೆ ಬಿಡಲೇಬೇಕು. ಹಿರೋಕು ಎಂಬ ಸೇವೆ ವರ್ಷಗಟ್ಟಲೆ ಪುಕ್ಕಟೆ ಜಾಗ ಕೊಡುತ್ತಿತ್ತು. ಪ್ರಪಂಚದ ಎಷ್ಟೋ ವಿದ್ಯಾರ್ಥಿಗಳ ಮೊದಲ ಆ್ಯಪ್‌ಗಳು ಅಲ್ಲಿದ್ದವು. 2022ರ ನವೆಂಬರ್ 28ರಿಂದ ಪುಕ್ಕಟೆ ನಿಂತಿತು. ಫೇಸ್‌ಬುಕ್ಕಿನ ಕೈಯಲ್ಲಿದ್ದ ಪಾರ್ಸ್ ಎಂಬ ಸೇವೆ 2016ರ ಜನವರಿಯಲ್ಲಿ ಸೂಚನೆ ಕೊಟ್ಟು ಒಂದು ವರ್ಷದ ನಂತರ ಪೂರ್ತಿ ಮುಚ್ಚಿತು. ಅಲ್ಲಿ ಲೆಕ್ಕ ಹಾಕುತ್ತ ಕೂರುವ ಹಾಗಿರಲಿಲ್ಲ. ಕಾನೂನೂ ಒಂದು ಕಾರಣ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಹಣ ಪಾವತಿಯ ಮಾಹಿತಿ ಭಾರತದಲ್ಲೇ ಇರಬೇಕು ಎಂದು ಆದೇಶಿಸಿ ಆರು ತಿಂಗಳ ಗಡುವು ಕೊಟ್ಟಿತು. ಸಿಂಗಪುರದಲ್ಲಿ ಇಟ್ಟವರು ತರಲೇಬೇಕಾಯಿತು.

ಹಳೆಯ ಆ್ಯಪ್‌ಗೆ ಇನ್ನೊಂದು ಕಾಯಿಲೆ ಇದೆ, ಅದನ್ನು ಸ್ಥಳಾಂತರದ ಕಾರಣ ಎಂದು ಜನ ತಪ್ಪು ತಿಳಿಯುತ್ತಾರೆ. ಪಿಎಚ್‌ಪಿ 5.6 ಆವೃತ್ತಿಗೆ 2018ರ ಕೊನೆಗೆ ರಿಪೇರಿ ನಿಂತಿತು. ಮೈಎಸ್‌ಕ್ಯೂಎಲ್ 5.7 ಎಂಬ ಡೇಟಾಬೇಸಿಗೆ 2023ರ ಅಕ್ಟೋಬರಿನಲ್ಲಿ. ಅದರ ಮೇಲೆ ಕೂತೇ ಇದ್ದವರಿಗೆ ಅಮೆಜಾನ್ 2024ರ ಮಾರ್ಚಿನಿಂದ ತನ್ನ ಡೇಟಾಬೇಸ್ ಸೇವೆಯಲ್ಲಿ ಹೆಚ್ಚುವರಿ ಶುಲ್ಕ ಹಾಕತೊಡಗಿತು. ಬಿಲ್ಲು ಏರಿದ್ದು ನೋಡಿ "ಮನೆ ಬದಲಿಸೋಣ" ಎನ್ನುತ್ತಾರೆ. ಇದು ಮನೆಯ ದೋಷವಲ್ಲ, ಒಳಗಿನವರ ವಯಸ್ಸು. ಎಲ್ಲಿಗೆ ಹೋದರೂ ವಯಸ್ಸು ಜೊತೆಗೇ ಬರುತ್ತದೆ. ಮೊದಲು ಇದ್ದಲ್ಲೇ ರಿಪೇರಿ ಮಾಡಿ, ಕೆಲವು ತಿಂಗಳು ಓಡಿಸಿ ನೋಡಿ, ಆಮೇಲೆ ಬೇಕಿದ್ದರೆ ಸಾಗಿಸಬೇಕು. ರಿಪೇರಿಯೂ ಸಾಗಾಣಿಕೆಯೂ ಒಂದೇ ದಿನ ಮಾಡಿದರೆ, ಏನಾದರೂ ಮುರಿದಾಗ ಯಾವುದರಿಂದ ಮುರಿಯಿತು ಎಂದು ಹುಡುಕುವವನ ಗತಿ ದೇವರಿಗೇ ಗೊತ್ತು.

ದೊಡ್ಡವರ ಉದಾಹರಣೆ ಕೊಟ್ಟು ಮಾಲೀಕರನ್ನು ಒಪ್ಪಿಸುವ ಮಾರಾಟಗಾರರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ. 2008ರ ಆಗಸ್ಟಿನಲ್ಲಿ ನೆಟ್‌ಫ್ಲಿಕ್ಸ್‌ನ ಡೇಟಾಬೇಸ್ ಕೆಟ್ಟು ಮೂರು ದಿನ ಗ್ರಾಹಕರಿಗೆ ಡಿವಿಡಿ ಕಳಿಸಲು ಆಗಲಿಲ್ಲ. ಅವರು ಸ್ವಂತ ಕೇಂದ್ರ ಬಿಟ್ಟು ಅಮೆಜಾನಿಗೆ ಹೊರಟರು, ಮುಗಿಸಿದ್ದು 2016ರ ಜನವರಿಯಲ್ಲಿ. ಏಳು ವರ್ಷ! ಡ್ರಾಪ್‌ಬಾಕ್ಸ್ ತಿರುಗಿ ಬಂತು. ಅಮೆಜಾನಿನಲ್ಲಿದ್ದ ಹೆಚ್ಚಿನ ಫೈಲುಗಳನ್ನು ಸ್ವಂತ ಯಂತ್ರಗಳಿಗೆ ತಂದು 2016, 2017 ಎರಡು ವರ್ಷದಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿತು. ಒಬ್ಬರು ಬಾಡಿಗೆಗೆ ಹೋಗಿ ಗೆದ್ದರು, ಇನ್ನೊಬ್ಬರು ಬಾಡಿಗೆ ಬಿಟ್ಟು ಗೆದ್ದರು. ಇಬ್ಬರಿಗೂ ತಮ್ಮ ಸಾಮಾನು ಏನೆಂದು ಗೊತ್ತಿತ್ತು, ಅದನ್ನು ಬಲ್ಲ ಜನ ಕೈಯಲ್ಲಿದ್ದರು. ನಾಲ್ಕು ಜನರ ತಂಡ ನೋಡಿಕೊಳ್ಳುವ ಹಳೆಯ ಆ್ಯಪ್‌ಗೆ ಈ ಕಥೆಗಳಿಂದ ಕಲಿಯಲು ಅಷ್ಟೇ ಇದೆ.

ನಮಗೆ ಹತ್ತಿರದ ಉದಾಹರಣೆ ಅದಕ್ಕಿಂತ ಚೆನ್ನಾಗಿದೆ. ಅದು ನಿಮ್ಮ ಪಹಣಿ. ನಾನು ಇಲ್ಲಿ ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಕೈಬರಹದ ಪಹಣಿಯ ಕಾಲ ಮುಗಿದಿತ್ತು. ಭೂಮಿ ಯೋಜನೆಯಲ್ಲಿ ಆಗಿನ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಾಗದದಿಂದ ಕಂಪ್ಯೂಟರಿಗೆ ಏರಿದವು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು. ತಂತ್ರಾಂಶ ಎನ್‌ಐಸಿಯವರದು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಛಾಪಿಸಿದ ಪಹಣಿ ಕೈಗೆ ಬರುತ್ತಿತ್ತು. ಮೊದಲು ಒಂದೊಂದು ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಕಂಪ್ಯೂಟರಿನಲ್ಲೇ ಇತ್ತು. ಆಮೇಲೆ ಎಲ್ಲವೂ ಬೆಂಗಳೂರಿನ ರಾಜ್ಯ ಡೇಟಾ ಕೇಂದ್ರಕ್ಕೆ ಸೇರಿದವು. ಅಂದರೆ ನಮ್ಮ ಹೊಲದ ಕಾಗದ ಅಫಜಲಪುರದ ಪೆಟ್ಟಿಗೆಯಿಂದ ಎದ್ದು ಬೆಂಗಳೂರಿನ ಪೆಟ್ಟಿಗೆಗೆ ಹೋಯಿತು, ಹೊಲ ಮಾತ್ರ ಇದ್ದಲ್ಲೇ ಇದೆ. ಇವತ್ತು ಪುಣೆಯಲ್ಲಿ ದುಡಿಯಲು ಹೋದವನೂ ಮೊಬೈಲಿನಲ್ಲಿ ತನ್ನ ಪಹಣಿ ನೋಡುತ್ತಾನೆ. ತಾಲ್ಲೂಕಿನ ಒಂದು ಯಂತ್ರ ಕೆಟ್ಟರೆ ತಾಲ್ಲೂಕೇ ನಿಲ್ಲುವ ಭಯವೂ ಇಲ್ಲ. ಅಂಥ ಕಾರಣಕ್ಕೆ ಹೋಗುವುದಾದರೆ ಹೋಗಬೇಕು. ಆದರೆ ಆ ಮೊದಲ ಸ್ಥಳಾಂತರದಲ್ಲಿ ಕಾಗದದಲ್ಲಿ ತಪ್ಪಿದ್ದ ಹೆಸರು ಕಂಪ್ಯೂಟರಿಗೂ ತಪ್ಪಾಗಿಯೇ ಹೋಯಿತು ಎಂಬುದನ್ನು ತಿದ್ದುಪಡಿಗೆ ಅರ್ಜಿ ಹಾಕಿದವರು ಬಲ್ಲರು. ಗಾಡಿಗೆ ಹೇರುವ ಮೊದಲು ಕಾಳು ಹಸನು ಮಾಡಬೇಕು. ಇಳಿಸಿದ ಮೇಲೆ ಮಾಡುತ್ತೇವೆ ಎಂದವರು ಮಾಡಿದ್ದನ್ನು ನಾನಂತೂ ನೋಡಿಲ್ಲ.

ಇಲ್ಲಿ ಕೂತ ಮಕ್ಕಳಿಗೆ ಒಂದು ಮಾತು. ನಮ್ಮ ಕನ್ನಡ ಗುರುಗಳು ಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ ಸಾರಾಂಶ ಬರೆಸುತ್ತಿದ್ದರು. ನಾವು ಗೊಣಗುತ್ತಿದ್ದೆವು. ಆ ನಾಲ್ಕು ಪುಟದ ಪಟ್ಟಿ ಬರೆಯುವಾಗ ನಾನು ಮಾಡಿದ್ದು ಅದೇ ಕೆಲಸ. ಇನ್ನೊಬ್ಬರು ಬರೆದದ್ದನ್ನು ತಾಳ್ಮೆಯಿಂದ ಓದಿ, ಮೂರನೆಯವರಿಗೆ ತಿಳಿಯುವಂತೆ ಬರೆಯುವುದು. ಬಿಇ ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದರೆ ಈ ಕೆಲಸ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಆ ಎರಡು ಗೊಬ್ಬೂರಿನ ಕಥೆ ಹೇಳಿ. ಅದನ್ನು ಹಿಡಿದದ್ದು ಕನ್ನಡ ಬಲ್ಲವನ ಕಣ್ಣು.

ಕೊನೆಯದಾಗಿ, ಸಮಿತಿಯವರು ಕೇಳಿದ ಪ್ರಶ್ನೆ. ಶಾಲೆಗೆ ಒಂದು ವೆಬ್‌ಸೈಟ್ ಮಾಡಬೇಕು, ಹಳೆಯ ವಿದ್ಯಾರ್ಥಿಗಳ ಹೆಸರು, ಹಳೆಯ ಫೋಟೋಗಳು, ಈ ಸಂಚಿಕೆಯ ಲೇಖನಗಳು ಅದರಲ್ಲಿ ಇರಬೇಕು, ಯಾವ ಕಂಪನಿಯಲ್ಲಿ ಇಡೋಣ ಎಂದು ಕೇಳಿದ್ದಾರೆ. ಯಾವುದರಲ್ಲಿ ಬೇಕಾದರೂ ಇಡಿ, ವರ್ಷಕ್ಕೆ ಕೆಲವೇ ಸಾವಿರದಲ್ಲಿ ಆಗುತ್ತದೆ. ಅದಕ್ಕಿಂತ ಮುಖ್ಯವಾದವು ಬೇರೆ ಇವೆ. ವೆಬ್‌ಸೈಟಿನ ಹೆಸರು ಶಾಲೆಯ ಹೆಸರಿನಲ್ಲಿ ನೋಂದಣಿಯಾಗಲಿ, ನನ್ನ ಹೆಸರಿನಲ್ಲಾಗಲಿ ಬೇರೆ ಯಾವ ಹಳೆಯ ವಿದ್ಯಾರ್ಥಿಯ ಹೆಸರಿನಲ್ಲಾಗಲಿ ಬೇಡ. ನಾವು ಇವತ್ತು ಇರುತ್ತೇವೆ, ನಾಳೆ ಫೋನ್ ನಂಬರ್ ಬದಲಾಗಿರುತ್ತದೆ. ಪಾಸ್‌ವರ್ಡು ಮುಚ್ಚಿದ ಲಕೋಟೆಯಲ್ಲಿ ಮುಖ್ಯಗುರುಗಳ ಕಪಾಟಿನಲ್ಲಿ ಇರಲಿ, ಮುಖ್ಯಗುರುಗಳು ವರ್ಗವಾದಾಗ ಚಾರ್ಜ್ ಪಟ್ಟಿಯಲ್ಲಿ ಅದನ್ನೂ ಬರೆಯಿರಿ. ಎಲ್ಲ ಫೋಟೋ, ಲೇಖನಗಳ ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಊರಿನ ಬೇರೆ ಕಟ್ಟಡದಲ್ಲಿ ಇರಲಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಬ್ಯಾಕಪ್ ಕೂಡ ಅಲ್ಲೇ ಇಟ್ಟವರಿಗೆ ಏನೂ ಉಳಿಯಲಿಲ್ಲ. ಶಾಲೆಯ ದಾಖಲಾತಿ ರಜಿಸ್ಟರ್ ಮಾತ್ರ ವೆಬ್‌ಸೈಟಿಗೆ ಹಾಕಬೇಡಿ, ಅದರಲ್ಲಿ ಮಕ್ಕಳ ಜನ್ಮ ದಿನಾಂಕ, ಜಾತಿ, ತಂದೆ ತಾಯಿಯ ವಿವರ ಇರುತ್ತದೆ. ಅದು ಇದ್ದ ಕಪಾಟಿನಲ್ಲೇ ಇರಲಿ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ತಂದಿದ್ದೇನೆ, ಮುಖ್ಯಗುರುಗಳಿಗೆ ಕೊಡುತ್ತೇನೆ. ಮುಂದಿನ ತಿಂಗಳು ಎರಡು ದಿನ ರಜೆ ಹಾಕಿ ಬರುತ್ತೇನೆ. ಒಂಬತ್ತನೆಯ, ಹತ್ತನೆಯ ತರಗತಿಯ ನಾಲ್ಕೈದು ಮಕ್ಕಳನ್ನು ನನ್ನ ಜೊತೆ ಕೂರಿಸಿ. ಕಟ್ಟುವುದು, ಕೆಡವುವುದು, ಮತ್ತೆ ಕಟ್ಟುವುದು ಅವರ ಕೈಯಿಂದಲೇ ಆಗಲಿ.